ನಮ್ಮದೂ ಒಂದು ಎಸ್ಟೇಟು

ಮಲೆನಾಡಿನಲ್ಲಿ ‘ನಮ್ಮದೊಂದು ಎಸ್ಟೇಟ್ ಇದೆ’ ಎನ್ನುವವನು ಸ್ವಲ್ಪ ನೋಡಿಕೊಂಡು ಮಾತಾಡಬೇಕು. ಮದುವೆಮನೆಯ ಪಂಕ್ತಿಯಲ್ಲಿ ಅಂದುಬಿಟ್ಟರಂತೂ ಎಡಬಲದ ಎಲೆಯವರು ಕಲಸಿದ ಅನ್ನವನ್ನು ಹಾಗೇ ಬಿಟ್ಟು, ‘ಹೌದಾ! ಎಷ್ಟು ಎಕರೆ? ಅರೇಬಿಕಾವೋ, ರೋಬಸ್ಟಾವೋ?’ ಎಂದು ವಿಚಾರಿಸತೊಡಗುತ್ತಾರೆ. ‘ಡೀಸೆಲ್ಲು’ ಎಂದು ನಾನು ಹೇಳುವಷ್ಟರಲ್ಲಿ ಅವರಿಗೆ ಹೋಳಿಗೆ ಬಂದಿರುತ್ತದೆ.

ನಮ್ಮದು ಟಾಟಾ ಎಸ್ಟೇಟ್. 1994ರ ಮಾಡೆಲ್, ಬಿಳಿ ಬಣ್ಣ. ಬಣ್ಣದ ಬಗ್ಗೆ ಮುಂದೆ ಹೇಳುತ್ತೇನೆ, ಅದು ಅಷ್ಟು ಸರಳವಲ್ಲ. ಅಮೆರಿಕದಲ್ಲಿ ರೈಲು ಇಳಿದವರನ್ನೂ ಅವರ ಟ್ರಂಕುಗಳನ್ನೂ ಸ್ಟೇಷನ್ನಿನಿಂದ ಮನೆಗೆ ಹೊತ್ತು ತರುತ್ತಿದ್ದ ಗಾಡಿಗೆ ಸ್ಟೇಷನ್ ವ್ಯಾಗನ್ ಎಂದು ಹೆಸರು ಬಂತು. ಅದನ್ನೇ ಇಂಗ್ಲೆಂಡಿನವರು, ಹಳ್ಳಿಯ ಕಡೆ ಜಮೀನು ಇದ್ದವರ ವಾಹನವೆಂದು, ಎಸ್ಟೇಟ್ ಕಾರು ಎಂದರು. 1992ರಲ್ಲಿ ಟಾಟಾದವರು ಈ ಕಾರು ತಂದಾಗ ಇಂಗ್ಲೆಂಡಿನ ಹೆಸರನ್ನೇ ಹಿಡಿದರು. ಅದರಿಂದ ನನಗೆ ಆದ ತೊಂದರೆ ಸ್ವಲ್ಪದ್ದಲ್ಲ. ಒಮ್ಮೆ ಕೊಡಗಿನ ಪಾಲಿಬೆಟ್ಟದಲ್ಲಿ ಕಾರು ನಿಂತಿತು. ‘ಟಾಟಾ ಎಸ್ಟೇಟ್ ಸ್ಪೇರು ಎಲ್ಲಿ ಸಿಗುತ್ತೆ?’ ಎಂದು ಒಬ್ಬರನ್ನು ಕೇಳಿದೆ. ಅಲ್ಲಿ ಟಾಟಾ ಎಸ್ಟೇಟ್ ಎಂದರೆ ನಿಜವಾಗಿಯೂ ಟಾಟಾದವರ ಕಾಫಿ ತೋಟ. ಆ ಪುಣ್ಯಾತ್ಮರು ನನ್ನನ್ನು ಮೋಟಾರ್ ಪಂಪಿನ ರಿಪೇರಿಯವನೆಂದು ತಿಳಿದು, ಗೇಟಿನವರೆಗೂ ನಡೆದು ಬಂದು ದಾರಿ ತೋರಿಸಿ ಹೋದರು.

ನಾನು ಇದನ್ನು ಕೊಂಡದ್ದು 2006ರಲ್ಲಿ, ಕೊಪ್ಪದ ಕಡೆಯ ಒಬ್ಬ ನಿಜವಾದ ಎಸ್ಟೇಟಿನವರಿಂದ. ಅರವತ್ತೈದು ಸಾವಿರ, ಎರಡು ಕಂತು. ಹೈಸ್ಕೂಲು ಮೇಷ್ಟ್ರ ಸಂಬಳದಲ್ಲಿ ಕೂಡಿಟ್ಟಿದ್ದ ಆ ಹಣ ಅಸಲಿಗೆ ನಮ್ಮ ಅಡುಗೆಮನೆಯ ಕಟ್ಟೆಗೆ ಗ್ರಾನೈಟು ಹಾಕಿಸುವುದಕ್ಕೆ ಇಟ್ಟದ್ದು. ನನ್ನ ಹೆಂಡತಿ ಜಗಳವಾಡಲಿಲ್ಲ. ಆದರೆ ಅವತ್ತಿನಿಂದ ಕಾರಿನ ಖರ್ಚನ್ನು ರೂಪಾಯಿಯಲ್ಲಿ ಲೆಕ್ಕ ಹಾಕುವುದನ್ನೇ ಬಿಟ್ಟುಬಿಟ್ಟಳು. ಕ್ಲಚ್ ಪ್ಲೇಟು ಹೋಯಿತು ಎಂದರೆ, ‘ಹಾಗಾದ್ರೆ ಇಪ್ಪತ್ತು ಅಡಿ ಗ್ರಾನೈಟ್ ಹೋಯ್ತು ಅನ್ನಿ’. ರೇಡಿಯೇಟರಿಗೆ ಹನ್ನೆರಡು ಅಡಿ. ಹದಿನೆಂಟು ವರ್ಷದ ಅವಳ ಲೆಕ್ಕದ ಪ್ರಕಾರ ನಾವು ಈಗ ತೀರ್ಥಹಳ್ಳಿಯ ರಥಬೀದಿಗೆ ಗ್ರಾನೈಟು ಹಾಸಿ, ಉಳಿದದ್ದನ್ನು ದೇವಸ್ಥಾನಕ್ಕೆ ಕೊಡಬಹುದಿತ್ತು.

ಹೊಸದರಲ್ಲಿ ಇದು ಸಾಮಾನ್ಯ ಕಾರಾಗಿರಲಿಲ್ಲ. ಅಂಬಾಸಿಡರಿನಲ್ಲಿ ಗಾಜು ಇಳಿಸಲು ಮೊಣಕೈ ನೋಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇದರಲ್ಲಿ ಗುಂಡಿ ಒತ್ತಿದರೆ ಗಾಜು ಇಳಿಯುತ್ತಿತ್ತು. ದೂರದಿಂದ ನೋಡಿದರೆ ಮರ್ಸಿಡಿಸ್ ವ್ಯಾಗನ್ನಿನ ದೊಡ್ಡಪ್ಪನ ಮಗನ ಹಾಗೆ ಕಾಣುತ್ತಿತ್ತು. ಹತ್ತಿರ ಬಂದು ಬಾನೆಟ್ ಎತ್ತಿದರೆ ನಿಜವಾದ ಮನೆತನ ತಿಳಿಯುವುದು: ಟಾಟಾ ಪಿಕಪ್ಪಿನ ವಂಶ, 1948 ಸಿಸಿ ಡೀಸೆಲ್ ಎಂಜಿನ್ನು, ಎಪ್ಪತ್ತು ಕುದುರೆಯ ಶಕ್ತಿಯೂ ಇಲ್ಲ. ಆ ಕುದುರೆಗಳಲ್ಲಿ ಕೆಲವು ನನ್ನ ಕೈಗೆ ಬರುವ ಹೊತ್ತಿಗೇ ನಿವೃತ್ತಿ ತೆಗೆದುಕೊಂಡಿದ್ದವು. ಕಂಪನಿಯ ಅಂದಿನ ಹೆಸರು ಟೆಲ್ಕೋ, ಅಂದರೆ ಟಾಟಾ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ. 1945ರಲ್ಲಿ ಶುರುವಾದದ್ದೇ ಉಗಿಬಂಡಿಯ ಎಂಜಿನ್ನು ಮಾಡಲು. ಬೆಳಿಗ್ಗೆ ಆರು ಗಂಟೆಗೆ ನಮ್ಮ ಅಂಗಳದಲ್ಲಿ ಕಾರು ಸ್ಟಾರ್ಟ್ ಆದಾಗ ಆ ಇತಿಹಾಸ ಇಡೀ ಕೇರಿಗೆ ಕೇಳಿಸುತ್ತದೆ.

ಸ್ಟಾರ್ಟ್ ಆಗುವುದೂ ಒಂದು ನಿತ್ಯವಿಧಿಯೇ. ಮೊದಲು ಚಾವಿ ಅರ್ಧ ತಿರುಗಿಸಿ, ಹೀಟರ್ ಪ್ಲಗ್ ಕಾಯುವವರೆಗೆ ಸುಮ್ಮನೆ ಕೂರಬೇಕು. ಧನುರ್ಮಾಸದ ಚಳಿಯಲ್ಲಾದರೆ ಎರಡು ಸಲ. ಆಮೇಲೆ ಸೆಲ್ಫ್. ಅದು ‘ಕಟ್’ ಎಂದು ಒಂದೇ ಮಾತಾಡಿ ಸುಮ್ಮನಾದರೆ, ಹ್ಯಾಂಡ್‌ಬ್ರೇಕು ಬಿಟ್ಟು ಅಂಗಳದ ಇಳುಕಲಿನಲ್ಲಿ ಉರುಳಿಸಿ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡಬೇಕು. ಮನೆ ಕಟ್ಟುವಾಗ ವಾಸ್ತು ನೋಡಿದವರು ಈಶಾನ್ಯ ತಗ್ಗಿರಬೇಕು, ಅದರಿಂದ ಮನೆಯವರಿಗೆ ಶ್ರೇಯಸ್ಸು ಎಂದಿದ್ದರು. ಶ್ರೇಯಸ್ಸು ಎಂದರೇನೆಂದು ನನಗೆ ತಿಳಿದದ್ದು ಆ ಇಳುಕಲಿನಲ್ಲಿ ಕಾರು ಮೊದಲ ಸಲ ಉರುಳಿ ಸ್ಟಾರ್ಟ್ ಆದಾಗ.

ಇನ್ನು ನಮ್ಮ ಭಾಯಿ. ಬೈಪಾಸಿನ ಹತ್ತಿರ ಗ್ಯಾರೇಜು. ಊರಿನವರೆಲ್ಲ ಭಾಯಿ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದರಿಂದ ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಾರೆ. ಎಸ್ಟೇಟಿನ ಸ್ಪೇರು ಎಂಬುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ನಾನು ಕಂಗಾಲಾಗಿ ಕೂತಾಗ, ‘ಯಾಕೆ ತಲೆ ಬಿಸಿ ಮಾಡ್ತೀರಿ ಮೇಷ್ಟ್ರೇ? ಸುಮೋದು ಕೂರ್ತದೆ’ ಎಂದು ನನ್ನ ಸಂಸಾರವನ್ನು ಉಳಿಸಿದವರು ಅವರೇ. ಎರಡು ಲೀಟರಿನ ಈ ಎಂಜಿನ್ನನ್ನು ಟಾಟಾದವರು ಸುಮೋಗೂ ಕೊಟ್ಟಿದ್ದರು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಲ್ಲ ಅನ್ನಿಸಿಕೊಂಡದ್ದು ಶಿವಾಜಿನಗರದ ಗುಜರಿಯಲ್ಲಿ ಸಿಗುವುದು, ಅಲ್ಲಿ ಸಿಗದ್ದು ನಮ್ಮೂರಿನ ಯಾವುದೋ ಕೊಟ್ಟಿಗೆಯ ಹಿಂದೆ ಬಳ್ಳಿ ಹಬ್ಬಿಸಿಕೊಂಡು ನಿಂತ ಸುಮೋದಲ್ಲಿ ಸಿಗುವುದು. ಆದರೆ ಒಳಗಿನದಕ್ಕೆ ಸುಮೋ ಇದೆ, ಹೊರಗಿನದಕ್ಕೆ ಯಾರೂ ಇಲ್ಲ. ಹಿಂದಿನ ದೀಪದ ಗಾಜು ಒಡೆದರೆ ಕೆಂಪು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಕತ್ತರಿಸಿ ಅಂಟಿಸಬೇಕು. ಅದು ಅವಲಕ್ಕಿ ಡಬ್ಬಿಯದು. ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ಮಾರ್ಪಾಟು ಎಂದರೆ ಈಗಿನ ಹುಡುಗರಿಗೆ ಬೇರೆಯೇ ಅರ್ಥ. ಅಗಲದ ಟೈರು, ಗುಡುಗುವ ಸೈಲೆನ್ಸರ್, ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರು. ನನ್ನದು ಬಡವರ ಮಾರ್ಪಾಟು. ಇದ್ದದ್ದು ಹೋದಾಗ ಅದರ ಜಾಗಕ್ಕೆ ಇನ್ನೊಂದು ಇಡುವುದು. ಉದಾಹರಣೆಗೆ ಡಿಕ್ಕಿ ಬಾಗಿಲು. ಅದನ್ನು ಮೇಲೆತ್ತಿ ಹಿಡಿಯುವ ಗ್ಯಾಸಿನ ಕೊಳವೆಗಳಲ್ಲಿ ನೈಟ್ರೋಜನ್ ತುಂಬಿರುತ್ತದೆ, ವರ್ಷ ಕಳೆದಂತೆ ಅದು ಸೋರುತ್ತದೆ, ಆಮೇಲೆ ಬಾಗಿಲು ಯಾರ ತಲೆ ಸಿಕ್ಕಿದರೂ ಸರಿ ಎಂದು ಕೆಳಗೆ ಬರುತ್ತದೆ. ಮೊದಲ ಪೆಟ್ಟು ನನ್ನ ಭಾವನಿಗೆ, ಎರಡನೆಯದು ತರಕಾರಿಯವನಿಗೆ ಬಿತ್ತು. ಹೊಸ ಕೊಳವೆಯ ಬೆಲೆ ಕೇಳಿ ಮನೆಗೆ ಬಂದು ತೋಟದಿಂದ ಒಂದು ಅಡಿಕೆ ದಬ್ಬೆ ತಂದೆ, ಮೂರೂವರೆ ಅಡಿಗೆ ಕತ್ತರಿಸಿದೆ, ತುದಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿದೆ. ಬಾಗಿಲು ಎತ್ತು, ದಬ್ಬೆ ಕೊಡು. ಹನ್ನೆರಡು ವರ್ಷದಿಂದ ಒಂದು ಪೈಸೆ ಖರ್ಚಿಲ್ಲ. ಒಂದೇ ತೊಂದರೆ ಎಂದರೆ ಮಾವಿನಕಾಯಿ ಕಾಲದಲ್ಲಿ ಕೇರಿಯ ಮಕ್ಕಳು ಡಿಕ್ಕಿ ಕೋಲನ್ನು ಒಯ್ದುಬಿಡುತ್ತಾರೆ.

ಹೆಡ್‌ಲೈಟಿನ ಕೆಲಸ ಮಾತ್ರ ನಾನು ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು. ಮಳೆಗಾಲದ ರಾತ್ರಿ ಆಗುಂಬೆಯ ಕಡೆ ಹೋದರೆ ನನ್ನ ಕಾರಿನ ಬೆಳಕು ಬಾನೆಟ್ಟಿನಿಂದ ಕೆಳಗೆ ಇಳಿಯಲು ಹೆದರುತ್ತಿತ್ತು. ಬಲ್ಬು ಬದಲಿಸಿದೆ, ಗಾಜು ತೊಳೆದೆ, ಏನೂ ಆಗಲಿಲ್ಲ. ಭಾಯಿ ಹೇಳಿದ್ದು: ಬ್ಯಾಟರಿಯಿಂದ ಹೊರಟ ಕರೆಂಟು ಸ್ಟಿಯರಿಂಗ್ ಬಳಿಯ ಸ್ವಿಚ್ಚಿಗೆ ಬಂದು, ಅಲ್ಲಿಂದ ವಾಪಸ್ ಮುಂದಕ್ಕೆ ಹೋಗಿ ಬಲ್ಬು ಮುಟ್ಟುವಷ್ಟರಲ್ಲಿ, ಹಳೆಯ ತೆಳು ವೈರಿನಲ್ಲಿ ಅರ್ಧ ಸುಸ್ತಾಗಿರುತ್ತದೆ. ಎರಡು ರಿಲೇ ಹಾಕಿದರೆ ಸ್ವಿಚ್ಚು ಬರೀ ಅಪ್ಪಣೆ ಕೊಡುತ್ತದೆ, ಕರೆಂಟು ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರ ಬಲ್ಬಿಗೆ ಹೋಗುತ್ತದೆ. ಎಲ್ಲ ಸೇರಿ ಆರುನೂರು ರೂಪಾಯಿ, ನಾಲ್ಕು ಅಡಿ ಗ್ರಾನೈಟು. ಅವತ್ತು ರಾತ್ರಿ ಅದೇ ಬಲ್ಬು ಹಚ್ಚಿದರೆ ಎದುರಿನ ಮನೆಯ ತುಳಸಿಕಟ್ಟೆಯ ರಂಗೋಲಿ ಎಣಿಸುವಷ್ಟು ಬೆಳಕು! ಪಾಪ, ಇಷ್ಟು ವರ್ಷ ಆ ಬಲ್ಬುಗಳನ್ನು ದಡ್ಡ ಅಂದುಕೊಂಡಿದ್ದೆನಲ್ಲ ಎನ್ನಿಸಿತು. ಹಿಂದಿನ ಬೆಂಚಿನ ಕೆಲವು ಹುಡುಗರ ನೆನಪೂ ಬಂತು.

ತುಕ್ಕು ನಮ್ಮ ಕಡೆಯ ಶಾಶ್ವತ ಬಾಡಿಗೆದಾರ. ಜೂನ್ ಬರುವ ಮೊದಲು ಗ್ಯಾರೇಜಿನಿಂದ ಕರಿ ಆಯಿಲ್ ತಂದು ಕಾರಿನ ಅಡಿಗೆ ಬಳಿಯುತ್ತೇನೆ. ಅಂಗಳದಲ್ಲಿ ಗೋಣಿ ಹಾಸಿಕೊಂಡು ಕಾರಿನ ಕೆಳಗೆ ಮಲಗಿದ ನನ್ನ ಎರಡು ಕಾಲನ್ನು ಮಾತ್ರ ನೋಡಿ, ಅಂಚೆಯವನು ಒಮ್ಮೆ ಗಾಬರಿಯಿಂದ ಮನೆಯವರನ್ನು ಕೂಗಿದ್ದ. ‘ಇದ್ದಾರೆ, ಇದ್ದಾರೆ, ಅಲ್ಲೇ ಕೊಟ್ಟುಹೋಗಿ’ ಎಂದು ಒಳಗಿನಿಂದ ಉತ್ತರ ಬಂತು. ಇಷ್ಟು ಮಾಡಿದರೂ ಒಂದು ಮಳೆಗಾಲ ಡ್ರೈವರ್ ಸೀಟಿನ ಕೆಳಗೆ ತಗಡು ಕೊಟ್ಟಿತು, ರಸ್ತೆ ಕಾಣಿಸತೊಡಗಿತು. ಟಿಂಕರಿಂಗಿನವರು ತೇಪೆ ಹಾಕಿದರು. ತೇಪೆ ಹಾಕಿದ ಕಡೆಯೆಲ್ಲ ಬಣ್ಣ ಹಚ್ಚಬೇಕಲ್ಲ, ಅಲ್ಲಿಂದ ಶುರುವಾಯಿತು ಬಿಳಿಯ ಕಥೆ. ಬಿಳಿ ಎಂದರೆ ಬಿಳಿ ಎಂದು ತಿಳಿದಿದ್ದೆ. ಈಗ ಮುಂದಿನ ಬಾಗಿಲು ಹಾಲು, ಹಿಂದಿನದು ಮೊಸರು, ಡಿಕ್ಕಿ ಮಜ್ಜಿಗೆ, ಬಲಗಡೆಯ ಮಡ್‌ಗಾರ್ಡು ನಿನ್ನೆಯ ಇಡ್ಲಿ. ಒಟ್ಟಿಗೆ ಬೇರೆ ಬಣ್ಣ ಹೊಡೆಸೋಣ ಎಂದರೆ ಅದನ್ನು ಆರ್‌ಸಿಯಲ್ಲಿ ಬರೆಸಬೇಕು. ಭಾಯಿಗೆ ಬೊಲೆರೋ ಎಂಜಿನ್ ಕೂರಿಸುವ ಆಸೆ ಬಹಳ ದಿನದಿಂದ ಇತ್ತು. 2019ರಲ್ಲಿ ಸುಪ್ರೀಂ ಕೋರ್ಟು, ಕಂಪನಿ ಮಾಡಿದ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದು ಎಂದು ತೀರ್ಪು ಕೊಟ್ಟಿತು. ಪೇಪರು ಓದಿ ಹೇಳಿದೆ. ಭಾಯಿ ಬಹಳ ಹೊತ್ತು ಸುಮ್ಮನಿದ್ದು, ‘ಅಡಿಕೆ ದಬ್ಬೆಗೂ ಬರ್ತದಾ ಮೇಷ್ಟ್ರೇ ಆ ತೀರ್ಪು?’ ಎಂದರು.

ಪವರ್ ವಿಂಡೋದ ವಿಷಯ ಹೇಳದಿದ್ದರೇ ಮರ್ಯಾದೆ. ನಾಲ್ಕರಲ್ಲಿ ಎರಡು ಇಳಿಯುತ್ತವೆ; ಅವುಗಳಲ್ಲಿ ಒಂದು ಹತ್ತುವುದಿಲ್ಲ, ಅದಕ್ಕೆ ಮರದ ಬೆಣೆ. ಟೋಲ್‌ಗೇಟಿನಲ್ಲಿ ಹಣ ಕೊಡಲು ನಾನು ಬಾಗಿಲನ್ನೇ ತೆರೆದು ಇಳಿಯುತ್ತಿದ್ದೆ. ಅಲ್ಲಿನ ಹುಡುಗ ಒಮ್ಮೆ ಎದ್ದು ನಿಂತು ನಮಸ್ಕಾರ ಮಾಡಿದ, ಯಾರೋ ಅಧಿಕಾರಿ ತಪಾಸಣೆಗೆ ಇಳಿದರೆಂದು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ ನನ್ನ ಮಾನ ಉಳಿಯಿತು, ನಮಸ್ಕಾರ ಹೋಯಿತು.

ಆದರೆ ಈ ಕಾರಿನ ಬದುಕನ್ನೇ ಬದಲಿಸಿದ್ದು ಒಂದು ಪ್ಲೇಟು. ಹಿಂದಿನ ಚಕ್ರಗಳಿಗೆ ಲಾರಿಯ ಹಾಗೆ ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳಿರುತ್ತವೆ. 2008ರ ಸುಮಾರಿಗೆ ಅವು ಸುಸ್ತಾಗಿ ಕಾರು ಹಿಂದಕ್ಕೆ ಕುಕ್ಕರುಗಾಲಲ್ಲಿ ಕೂರತೊಡಗಿತು. ಹೊಸ ಸೆಟ್ಟಿಗೆ ದುಡ್ಡಿರಲಿಲ್ಲ. ‘ಎರಡು ಕಡೆ ಒಂದೊಂದು ಪ್ಲೇಟು ಜಾಸ್ತಿ ಕೊಡ್ತೇನೆ’ ಎಂದರು ಭಾಯಿ. ಕೊಟ್ಟರು. ಕಾರು ಎದ್ದು ನಿಂತಿತು, ಜವಾನ ಸಾಹೇಬರನ್ನು ಕಂಡ ಹಾಗೆ. ಮನೆಗೆ ಬರುವ ದಾರಿಯಲ್ಲಿ ಮೊದಲ ಗುಂಡಿಗೆ ನನ್ನ ತಲೆ ಮಾಡಿಗೆ ಬಡಿಯಿತು. ಮರುದಿನ ಹೋಗಿ ಕೇಳಿದರೆ, ‘ಖಾಲಿ ಓಡಿಸಬಾರದು ಮೇಷ್ಟ್ರೇ, ಲೋಡ್ ಬೇಕು. ಹಿಂದೆ ನೂರು ಕೆಜಿ ಇಟ್ಟು ನೋಡಿ, ತೊಟ್ಟಿಲು’ ಎಂದರು.

ನೂರು ಕೆಜಿ ಎಲ್ಲಿಂದ ತರುವುದು? ಜನರಿಂದ. ಅವತ್ತಿನಿಂದ ನಾನು ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುವವರಿಗೆಲ್ಲ ಕಾರು ನಿಲ್ಲಿಸತೊಡಗಿದೆ. ಊರಿನವರು ಇದನ್ನು ನನ್ನ ಒಳ್ಳೆಯತನವೆಂದು ತಿಳಿದರು, ನಾನೂ ತಿದ್ದಲು ಹೋಗಲಿಲ್ಲ. ನಿಜ ಸಂಗತಿ ನನಗೂ ಭಾಯಿಗೂ ನನ್ನ ಸೊಂಟಕ್ಕೂ ಗೊತ್ತು. ಶಾಲೆಗೆ ಹೋಗುವಾಗ ಐದಾರು ಮಕ್ಕಳು, ಬರುವಾಗ ಪಡಿತರದ ಅಕ್ಕಿ ಹಿಡಿದ ಹೆಂಗಸರು. ಎಳ್ಳಮಾವಾಸ್ಯೆ ಜಾತ್ರೆಯ ದಿನ ಹನ್ನೊಂದು ಜನ, ಒಂದು ಬಲೂನಿನ ಗೊಂಚಲು. ಸತ್ಯನಾರಾಯಣ ಪೂಜೆಯೆಂದರೆ ಅಡುಗೆಭಟ್ಟರ ಕೊಳಗ, ಸೌಟು, ಒಲೆ, ಭಟ್ಟರು, ಎಲ್ಲ ನನ್ನ ಕಾರಿನಲ್ಲೇ. ಭಾರ ಹೆಚ್ಚಿದಷ್ಟೂ ಕಾರು ಸುಖವಾಗಿ ಸಾಗುತ್ತಿತ್ತು. ಡೀಸೆಲ್ ಹಣ ಕೊಡಲು ಬಂದವರಿಗೆ ಬೇಡ ಎಂದು ಕೈಯಾಡಿಸಿ ದೊಡ್ಡ ಮನುಷ್ಯನಾದೆ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಒಳಗೆ ಕಾಯಿ ತುರಿಯುವ ಸದ್ದಿನ ಜೊತೆಗೆ ಕೇಳಿಸುತ್ತಿತ್ತು.

ಒಂದು ಜುಲೈ ರಾತ್ರಿ ಪಕ್ಕದ ಮನೆಯ ಅಜ್ಜನಿಗೆ ಎದೆನೋವು ಬಂತು. ಗಾಳಿಮಳೆ, ಫೋನು ಸತ್ತಿತ್ತು. ಕಾಲು ಚಾಚಿ ಮಲಗಿಸಿ ಒಯ್ಯಬಲ್ಲ ವಾಹನ ಕೇರಿಯಲ್ಲಿ ಇದೊಂದೇ. ಹಿಂದಿನ ಸೀಟು ಮಡಚಿ, ಹಾಸಿಗೆ ಹಾಸಿ, ಅಜ್ಜನನ್ನು ಮಲಗಿಸಿ, ಅವರ ಇಬ್ಬರು ಮಕ್ಕಳನ್ನು ಆಚೀಚೆ ಕೂರಿಸಿ ಮಣಿಪಾಲಕ್ಕೆ ಹೊರಟೆ. ಆಗುಂಬೆ ಘಾಟಿಯಲ್ಲಿ ಮಂಜು. ಲೈಟಿಗೆ ಹಳದಿ ಪೇಪರು ಅಂಟಿಸಿದ್ದೆ. ಆರುನೂರು ರೂಪಾಯಿಯ ಆ ರಿಲೇ ಇಲ್ಲದಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಒಂದೊಂದು ಹೇರ್‌ಪಿನ್ ತಿರುವಿನಲ್ಲೂ ಹಿಂದಿನಿಂದ ‘ರಾಮ, ರಾಮ’ ಎಂದು ಅಜ್ಜನ ದನಿ. ದನಿ ಕೇಳದಿದ್ದರೆ ನನಗೆ ಹೆದರಿಕೆ, ಕೇಳಿದರೆ ಅವರಿಗೆ ನೋವು. ಎರಡು ವಾರದ ಮೇಲೆ ಅಜ್ಜ ಅದೇ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು ವಾಪಸ್ ಬಂದರು. ಸೋಮೇಶ್ವರ ದಾಟಿದ ಮೇಲೆ ಬಾಯಿಬಿಟ್ಟರು: ‘ಎಂತ ಕುಲುಕಾಟ ಮಾರಾಯ ನಿನ್ನ ಗಾಡಿಯದ್ದು! ಅವತ್ತು ನಾನು ಉಳಿದದ್ದೇ ಹೆಚ್ಚು.’

ಉದ್ದನೆಯ ಬಿಳಿ ಕಾರಿಗೆ ಇನ್ನೊಂದು ಕಷ್ಟವೂ ಇತ್ತು. ಪರವೂರಿನಲ್ಲಿ ಒಂದು ಮನೆಯ ಮುಂದೆ ನಿಲ್ಲಿಸಿ ವಿಳಾಸ ಕೇಳೋಣವೆಂದು ಇಳಿದರೆ, ಜಗಲಿಯಲ್ಲಿದ್ದವರು ಎದ್ದು, ಹೆಗಲ ಮೇಲಿನ ಟವೆಲ್ಲು ಕೆಳಗಿಳಿಸಿ, ‘ಯಾರದ್ದು?’ ಎಂದು ಮೆಲ್ಲಗೆ ಕೇಳಿದರು. ನಮ್ಮ ಜನ ಸ್ಟೇಷನ್ ವ್ಯಾಗನ್ನನ್ನು ಯಾಕೆ ಒಲ್ಲೆವೆಂದರು ಎಂದು ನನಗೆ ಅರ್ಥವಾದದ್ದು ಅವತ್ತು. ಎಸ್ಟೇಟ್ ಹೋಯಿತು. ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಓಪೆಲ್ಲಿನ ಕೋರ್ಸಾ ಸ್ವಿಂಗ್ ಬಂದವು, ಹೋದವು. 2004ರಲ್ಲಿ ಟಾಟಾದವರೇ ಇಂಡಿಗೋ ಮರೀನಾ ಎಂದು ಮತ್ತೊಮ್ಮೆ ಪ್ರಯತ್ನಪಟ್ಟರು, ಅದೂ ಹೋಯಿತು. ಹಿಂದೆ ಒಂದು ಡಿಕ್ಕಿ ಎದ್ದು ಕಾಣಬೇಕು, ಆಗಲೇ ಅದು ಕಾರು. ಇಲ್ಲದಿದ್ದರೆ ಆಂಬುಲೆನ್ಸು, ಅಥವಾ ಅದರ ನಂತರದ್ದು.

2024ರಲ್ಲಿ ಆರ್‌ಸಿ ಮತ್ತೆ ನವೀಕರಿಸಬೇಕಾಗಿ ಬಂತು. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಈ ಕೆಲಸ. ಮೊದಲು ಆರುನೂರು ಇದ್ದ ಫೀಸು 2022ರ ಏಪ್ರಿಲಿನಿಂದ ಐದು ಸಾವಿರ ಆಗಿತ್ತು. ಮೇಲೆ ಗ್ರೀನ್ ಟ್ಯಾಕ್ಸು, ಬ್ರೇಕಿನ ಕೆಲಸ, ಎರಡು ಟೈರು. ಮೂಗಿಗಿಂತ ಮೂಗುತಿ ಭಾರ. ಗುಜರಿಯವನು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲು ತಟ್ಟಿ ನೋಡಿ, ತೂಕಕ್ಕೆ ಒಂದು ಬೆಲೆ ಹೇಳಿದ. ಹೆಂಡತಿ ಮನಸ್ಸಿನಲ್ಲೇ ಭಾಗಾಕಾರ ಮಾಡುವುದು ನನಗೆ ಕಾಣಿಸುತ್ತಿತ್ತು. ಆದರೆ ಅವಳೇ, ‘ಈಗ ಬೇಡ, ಮಳೆಗಾಲ ಕಳೀಲಿ’ ಎಂದು ಅವನನ್ನು ಕಳಿಸಿದಳು. ಯಾವ ಮಳೆಗಾಲ ಎಂದು ನಾನೂ ಕೇಳಲಿಲ್ಲ.

ಕಾರು ಈಗ ಎಫ್‌ಸಿ ಪಾಸಾಗಿ ನಿಂತಿದೆ. ಆದರೆ ಲೋಡ್ ಇಲ್ಲ. ಕೇರಿಯ ಪ್ರತಿ ಮನೆಯ ಮುಂದೆಯೂ ಒಂದೊಂದು ಕಾರಿದೆ. ಮಕ್ಕಳನ್ನು ಶಾಲೆಯ ಹಳದಿ ವ್ಯಾನು ಒಯ್ಯುತ್ತದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಸರ್ಕಾರಿ ಬಸ್ಸಿನ ದಾರಿಯಲ್ಲಿ ನಿಂತ ಹೆಂಗಸರು ನನ್ನನ್ನು ಕಂಡರೆ, ‘ನೀವು ಹೋಗಿ ಮೇಷ್ಟ್ರೇ, ನಮಗೆ ಫ್ರೀ ಉಂಟು’ ಎನ್ನುತ್ತಾರೆ. ನಾನು ಕೊಡುತ್ತಿದ್ದದ್ದೂ ಫ್ರೀಯೇ, ಆದರೆ ಅದರಲ್ಲಿ ಟಿಕೆಟ್ ಕೊಡುತ್ತಿರಲಿಲ್ಲ. ಅಜ್ಜ ಹೋಗಿ ಆರು ವರ್ಷವಾಯಿತು, ಮಲಗಿದ್ದಲ್ಲೇ, ಯಾರ ಕಾರಿಗೂ ಕೆಲಸ ಕೊಡದೆ. ಖಾಲಿ ಕಾರು ಗುಂಡಿಗುಂಡಿಗೂ ಕುಣಿಯುತ್ತದೆ, ನನ್ನ ವಯಸ್ಸಿಗೆ ಅದು ಒಪ್ಪುವುದಿಲ್ಲ. ಕೊನೆಗೆ ಎರಡು ಮೂಟೆ ಮರಳು ತುಂಬಿ ಹಿಂದೆ ಇಟ್ಟೆ. ಮಂಡಗದ್ದೆಯ ಹತ್ತಿರ ಪೊಲೀಸರು ತಡೆದರು. ಡಿಕ್ಕಿ ತೆಗೆಸಿದರು. ದಬ್ಬೆ ಕೊಟ್ಟು ನಿಂತೆ.

‘ಮರಳು ಎಲ್ಲಿಗೆ? ಪರ್ಮಿಟ್ ಇದೆಯಾ?’

‘ಎಲ್ಲಿಗೂ ಅಲ್ಲ. ಹೋದಲ್ಲೆಲ್ಲ ಜೊತೆಗೆ ಬರುತ್ತೆ.’

ತುಂಗಾ ತೀರದಲ್ಲಿ ಮರಳಿನ ಬಗ್ಗೆ ಇಂಥ ಉತ್ತರ ಕೊಡಬಾರದು. ಪ್ಲೇಟಿನ ಕಥೆಯನ್ನು 2008ರಿಂದ ಹೇಳಬೇಕಾಯಿತು. ಎಳೆಯ ಕಾನ್‌ಸ್ಟೇಬಲ್ಲು ನಗು ತಡೆಯಲಾರದೆ ಮುಖ ತಿರುಗಿಸಿದ. ನನ್ನ ಹಳೆಯ ವಿದ್ಯಾರ್ಥಿ ಇರಬಹುದೆಂದು ನನ್ನ ಅನುಮಾನ. ಬಿಟ್ಟರು.

ಮರಳು ಇಳಿಸಿದೆ. ಶಿವಮೊಗ್ಗದ ಒಂದು ಕಲ್ಲಿನ ಅಂಗಡಿಯ ಹಿತ್ತಲಲ್ಲಿ ತುಂಡುಗಳು ಬಿದ್ದಿದ್ದವು, ಒಯ್ಯಿರಿ ಎಂದರು. ಆರು ತುಂಡು ಗ್ರಾನೈಟು, ಕಪ್ಪು, ಒಂದು ಬದಿ ಪಾಲಿಶ್ ಆದದ್ದು, ಕಾಸಿಲ್ಲದೆ ತಂದೆ. ದಾರಿಯುದ್ದಕ್ಕೂ ಕಾರು ತೊಟ್ಟಿಲು. ಅಂಗಳದಲ್ಲಿ ಡಿಕ್ಕಿ ತೆಗೆದಾಗ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

‘ಅಂತೂ ತಂದ್ರಿ.’

‘ಕಾರಿಗೆ,’ ಎಂದೆ.

‘ಗೊತ್ತಾಯ್ತು ಕಣ್ರೀ.’ ಗೇಣು ಹಾಕಿ ಅಳೆದಳು. ಸಂಜೆ ನಾನು ಹಾಲು ತಂದು ಬರುವಷ್ಟರಲ್ಲಿ ಆರು ತುಂಡೂ ಅಡುಗೆಮನೆಯ ಕಟ್ಟೆಯ ಮೇಲೆ ಒಲೆಯ ಎಡಕ್ಕೆ ಸಾಲಾಗಿ ಕೂತಿದ್ದವು. ಪಕ್ಕದ ಮನೆಯ ಹುಡುಗರು ಹೊತ್ತು ತಂದರಂತೆ. ಒಂದರ ಮೇಲೆ ಆಗಲೇ ಚಪಾತಿ ಲಟ್ಟಿಸಿಯಾಗಿತ್ತು.

ಮರುದಿನ ಪೇಟೆಗೆ ಹೊರಡುವಾಗ ಚಾವಿ ಅರ್ಧ ತಿರುಗಿಸಿ ಹೀಟರ್ ಕಾಯುತ್ತ ಕೂತಿದ್ದೆ. ಆಚೆ ಬದಿಯ ಬಾಗಿಲು ತೆಗೆದು ಅವಳು ಹತ್ತಿ ಕೂತಳು. ಚೀಲ ಕಾಲ ಬಳಿ ಇಟ್ಟುಕೊಂಡಳು.

‘ನೀನೆಲ್ಲಿಗೆ?’

‘ಖಾಲಿ ಓಡಿಸಬಾರದು ಅಂತಾರಲ್ಲ ಭಾಯಿ.’

ಅಂಗಳ ಇಳಿದು ರಸ್ತೆಗೆ ಬಂದೆವು. ಹ್ಯಾಂಡ್‌ಪೋಸ್ಟ್ ಹತ್ತಿರ ಯಾರೂ ಇರಲಿಲ್ಲ. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು, ಕಾರು ಹೆಚ್ಚುಕಡಿಮೆ ನಿಂತೇಬಿಟ್ಟಿತು.

‘ಯಾಕ್ರೀ, ಏನಾಯ್ತು?’

‘ಏನಿಲ್ಲ,’ ಎಂದೆ, ‘ಬ್ರೇಕ್ ಹಿಡಿಯುತ್ತಾ ನೋಡಿದೆ.’

‘ಹಿಡಿಯುತ್ತಾ?’

‘ಹೂಂ, ಹಿಡಿಯುತ್ತೆ.’